ಎಳೆಯರ ಬೆಟ್ಟದ ಓಟ: ಇಳಿಜಾರಿನಿಂದ ಶುರುವಾಗಬೇಕಾದ ಲೆಕ್ಕ

1955ರಲ್ಲಿ ಕ್ಯಾಥ್ಲೀನ್ ಕನಾಕಿ ಎಂಬ ಹದಿನಾರು ವರ್ಷದ ಹುಡುಗಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟವನ್ನು ಓಡಿ ಹತ್ತಿ ಓಡಿ ಇಳಿದಳು. ಬ್ರಿಟನ್ನಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಶಿಖರ 1,345 ಮೀಟರಿನಲ್ಲಿದೆ. ಓಟ ಹೊರಡುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ, ಹಾಗಾಗಿ ಆ ಎತ್ತರವನ್ನೆಲ್ಲ ಕಾಲೇ ದುಡಿದು ಗಳಿಸಬೇಕು. ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಈ ಓಟದಲ್ಲಿ ಅಧಿಕೃತ ಪ್ರವೇಶವಿರಲಿಲ್ಲ. ಗಂಡಸರೆಲ್ಲ ಹೊರಟು ಎರಡು ನಿಮಿಷವಾದ ಮೇಲೆ ಅವಳು ಹೊರಟಳು. ಮೂರು ಗಂಟೆ ಎರಡು ನಿಮಿಷದಲ್ಲಿ ಮರಳಿ ಬಂದಳು. ಇವತ್ತು ಅದೇ ಓಟ ಹೆಂಗಸರಿಗೆ ತೆರೆದಿದೆ, ಆದರೆ ಹದಿನಾರರ ಹುಡುಗಿಗೂ ಇಲ್ಲ, ಹುಡುಗನಿಗೂ ಇಲ್ಲ. ದಾರಿ ಸುಮಾರು 14 ಕಿ.ಮೀ. ಉದ್ದದ್ದು, ಹದಿನೆಂಟು ತುಂಬದವರನ್ನು ಅಷ್ಟು ದೂರದ ಬೆಟ್ಟದ ಓಟಕ್ಕೆ ಇಳಿಸಲು ಬ್ರಿಟನ್ನಿನ ನಿಯಮ ಬಿಡುವುದಿಲ್ಲ.

ಆ ವಯಸ್ಸಿನವರಿಂದ ಆಗುತ್ತದೆಯೇ ಎಂಬ ಪ್ರಶ್ನೆಗೆ ಕನಾಕಿ ಉತ್ತರ ಕೊಟ್ಟಾಗಿದೆ. ಆದರೆ ಆಗುವುದನ್ನೆಲ್ಲ ಮಾಡಿಸಬೇಕೇ ಎಂಬುದು ಬೇರೆಯೇ ಪ್ರಶ್ನೆ. ಎಳೆಯರ ಬೆಟ್ಟದ ಓಟ ಹೇಗಿರಬೇಕು, ಎಷ್ಟು ದೂರ, ಎಷ್ಟು ಏರು, ಯಾವ ನೆಲ, ಯಾವ ವಯಸ್ಸಿಗೆ ಏನು ಎಂಬುದಕ್ಕೆ ಬೇರೆ ಬೇರೆ ನಾಡುಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಖಚಿತವಾಗಿದೆ. ಸಂಘಟಕರು ಸಾಮಾನ್ಯವಾಗಿ ದೂರ ಮತ್ತು ಏರನ್ನು ಲೆಕ್ಕ ಹಾಕುತ್ತಾರೆ, ಇಳಿಜಾರನ್ನು ಬೆಟ್ಟಕ್ಕೇ ಬಿಟ್ಟುಬಿಡುತ್ತಾರೆ. ಮಕ್ಕಳ ಓಟದಲ್ಲಿ ಈ ಲೆಕ್ಕ ತಿರುಗಬೇಕು. ಇಳಿಯುವ ದಾರಿಯನ್ನು ಮೊದಲು ಗೊತ್ತುಮಾಡಿ, ಏರುವ ದಾರಿಯನ್ನು ಆಮೇಲೆ ಹುಡುಕಬೇಕು.

ಬ್ರಿಟನ್ನಿನ ಅಳತೆಗೋಲು

ಬೆಟ್ಟದ ಓಟಕ್ಕೆ ಅತ್ಯಂತ ವಿವರವಾದ ನಿಯಮಾವಳಿ ಬೆಳೆದದ್ದು ಬ್ರಿಟನ್ನಿನಲ್ಲಿ. ಸ್ಕಾಟ್ಲೆಂಡಿನಲ್ಲಿ ಹಿಲ್ ರನ್ನಿಂಗ್, ಉತ್ತರ ಇಂಗ್ಲೆಂಡಿನಲ್ಲಿ ಫೆಲ್ ರನ್ನಿಂಗ್ ಎಂದು ಕರೆಸಿಕೊಳ್ಳುವ ಈ ಆಟ ಮೊದಲು ಹಳ್ಳಿಯ ಜಾತ್ರೆ, ಕ್ರೀಡಾಕೂಟಗಳ ಭಾಗವಾಗಿತ್ತು. ಕುರುಬರು, ಕಲ್ಲು ಒಡೆಯುವವರು, ಬೆಟ್ಟಕ್ಕೆ ದಾರಿ ತೋರುವವರು ಊರ ಹಿಂದಿನ ಗುಡ್ಡ ಮುಟ್ಟಿ ಬರುವ ಪಂದ್ಯ ಕಟ್ಟುತ್ತಿದ್ದರು. 1970ರಲ್ಲಿ ಫೆಲ್ ರನ್ನರ್ಸ್ ಅಸೋಸಿಯೇಷನ್ ಹುಟ್ಟಿದ ಮೇಲೆ ಓಟಗಳಿಗೆ ವರ್ಗಗಳು ಬಂದವು. ಪ್ರತಿ ಕಿಲೋಮೀಟರಿಗೆ ಸರಾಸರಿ ಕನಿಷ್ಠ 50 ಮೀಟರ್ ಏರು ಇದ್ದರೆ 'ಎ' ವರ್ಗ, ಕನಿಷ್ಠ 25 ಮೀಟರ್ ಇದ್ದರೆ 'ಬಿ', ಕನಿಷ್ಠ 20 ಇದ್ದರೆ 'ಸಿ'. 'ಎ' ವರ್ಗದ ಓಟದಲ್ಲಿ ರಸ್ತೆಯ ಪಾಲು ಶೇಕಡಾ 20 ಮೀರುವಂತಿಲ್ಲ. ದೂರ 10 ಕಿ.ಮೀ. ಒಳಗಿದ್ದರೆ ಚಿಕ್ಕ ಓಟ, 20 ದಾಟಿದರೆ ದೊಡ್ಡ ಓಟ.

ಎಳೆಯರಿಗೆ ಇದರ ಮೇಲೆ ಇನ್ನೊಂದು ಕಟ್ಟು ಇದೆ. ವಯಸ್ಸಿಗೆ ತಕ್ಕಂತೆ ಗರಿಷ್ಠ ದೂರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು-ಮೂರು ಕಿಲೋಮೀಟರಿನೊಳಗೆ, ಹದಿನೆಂಟರ ಹೊಸ್ತಿಲಲ್ಲಿರುವವರಿಗೆ ಸುಮಾರು ಹತ್ತರವರೆಗೆ. ದಾರಿಯುದ್ದಕ್ಕೂ ಗುರುತು ಇರಬೇಕು, ತಿರುವುಗಳಲ್ಲಿ ಜನ ನಿಂತಿರಬೇಕು. ದೊಡ್ಡವರ ಓಟದಲ್ಲಿ ನಕ್ಷೆ ನೋಡಿ ದಾರಿ ಹುಡುಕುವುದೂ ಆಟದ ಭಾಗ. ಮಕ್ಕಳ ಓಟದಲ್ಲಿ ಆ ಹೊರೆಯನ್ನು ಸಂಘಟಕನೇ ಹೊರಬೇಕು.

ಈ ನಿಯಮಗಳಲ್ಲಿ ವಿವೇಕವಿದೆ. ಆದರೂ ಒಂದು ಕೊರತೆ ಉಳಿದಿದೆ. ವರ್ಗೀಕರಣವೆಲ್ಲ ಏರಿನ ಮೇಲೆ ನಿಂತಿದೆ. ಒಂದೇ ದೂರ, ಒಂದೇ ಏರು ಇರುವ ಎರಡು ಓಟಗಳಲ್ಲಿ ಒಂದು ಮೆತ್ತನೆಯ ಹುಲ್ಲಿನ ಮೇಲೆ ಇಳಿಯಬಹುದು, ಇನ್ನೊಂದು ಸಡಿಲ ಕಲ್ಲಿನ ಕಡಿದಾದ ಕೊರಕಲಿನಲ್ಲಿ ಇಳಿಯಬಹುದು. ಕಾಗದದ ಮೇಲೆ ಎರಡೂ ಒಂದೇ. ಹನ್ನೆರಡು ವರ್ಷದ ಮಗುವಿನ ಮೊಣಕಾಲಿಗೆ ಒಂದೇ ಅಲ್ಲ.

ಉಸಿರು ಎಚ್ಚರಿಸದ ಜಾಗ

ಏರಿಗೂ ಇಳಿಜಾರಿಗೂ ಇರುವ ವ್ಯತ್ಯಾಸವನ್ನು ದೇಹದ ಕಡೆಯಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ಏರುವಾಗ ಮಗು ತನ್ನ ಶಕ್ತಿ ಮೀರಿ ಹೋಗಲಾರದು. ಎದೆ ಬಡಿಯುತ್ತದೆ, ಉಸಿರು ಕಟ್ಟುತ್ತದೆ, ಕಾಲು ತಾನಾಗಿ ನಡಿಗೆಗೆ ಇಳಿಯುತ್ತದೆ. ಕಡಿದಾದ ಏರಿನಲ್ಲಿ ವಿಶ್ವಮಟ್ಟದ ಓಟಗಾರರೂ ತೊಡೆಗೆ ಕೈಕೊಟ್ಟು ನಡೆಯುತ್ತಾರೆ. ಅಂದರೆ ಏರು ತನ್ನಷ್ಟಕ್ಕೆ ತಾನೇ ವೇಗಕ್ಕೆ ಕಡಿವಾಣ ಹಾಕುತ್ತದೆ.

ಇಳಿಯುವಾಗ ಹಾಗಿಲ್ಲ. ಇಟಲಿಯ ಆಲ್ಬೆರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಡಲು ಅತಿ ಕಡಿಮೆ ಶಕ್ತಿ ಸಾಕಾಗುವುದು ಸುಮಾರು ಶೇಕಡಾ 20ರ ಇಳಿಜಾರಿನಲ್ಲಿ. ಉಸಿರು ಹಗುರಾಗಿರುತ್ತದೆ, ಮೈ ತೇಲಿದಂತಾಗುತ್ತದೆ. ಅದೇ ಹೊತ್ತಿನಲ್ಲಿ ಕಾಲಿನ ಮೇಲೆ ಬೀಳುವ ಏಟು ಏರುತ್ತಿರುತ್ತದೆ. ಗಾಟ್‌ಶಾಲ್ ಮತ್ತು ಕ್ರಾಮ್ ಎಂಬ ಸಂಶೋಧಕರು 2005ರಲ್ಲಿ ಅಳೆದು ತೋರಿಸಿದಂತೆ, 9 ಡಿಗ್ರಿ ಇಳಿಜಾರಿನಲ್ಲಿ ಪಾದ ನೆಲಕ್ಕೆ ಬಡಿಯುವ ಬಲದ ಶಿಖರಮಟ್ಟ ಸಮತಟ್ಟಿಗಿಂತ ಶೇಕಡಾ 54ರಷ್ಟು ಹೆಚ್ಚು. ವೇಗ ತಡೆಯಲು ಕಾಲು ಒಡ್ಡುವ ಬಲ ಶೇಕಡಾ 73ರಷ್ಟು ಹೆಚ್ಚು. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಇಂಥ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗೆ ಆಗುವ ಪೆಟ್ಟು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ನೋವು ಮರುದಿನ, ಮೂರನೆಯ ದಿನ ಬರುತ್ತದೆ. ಏರಿನಲ್ಲಿ ಕಾವಲು ಕಾಯುವ ಉಸಿರು ಇಳಿಜಾರಿನಲ್ಲಿ ಸುಮ್ಮನಿರುತ್ತದೆ. ಆ ಕಾವಲಿನ ಕೆಲಸವನ್ನು ದಾರಿ ಗುರುತಿಸುವವರು ವಹಿಸಿಕೊಳ್ಳಬೇಕು.

ಬೆಳೆಯುವ ಮೈಗೆ ಇದರ ತೂಕ ಹೆಚ್ಚು. ಎತ್ತರ ಅತಿ ವೇಗವಾಗಿ ಏರುವ ಹಂತ ಹುಡುಗಿಯರಿಗೆ ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ, ಹುಡುಗರಿಗೆ ಹದಿನಾಲ್ಕರ ಸುಮಾರಿಗೆ ಬರುತ್ತದೆ. ಆಗ ಮೂಳೆ ಉದ್ದವಾಗುವ ವೇಗಕ್ಕೆ ಸ್ನಾಯು, ಸ್ನಾಯುರಜ್ಜುಗಳು ಹೊಂದಿಕೊಳ್ಳಲು ತಡವಾಗುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ಊತ ಬರುತ್ತದೆ; ಅದನ್ನು ವೈದ್ಯರು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಹಿಮ್ಮಡಿಯ ಬೆಳವಣಿಗೆಯ ಜಾಗದಲ್ಲಿ ಬರುವ ನೋವಿಗೆ ಸೀವರ್ ಎಂಬ ಹೆಸರಿದೆ. ಎರಡೂ ಓಡಿ ಜಿಗಿಯುವ ಮಕ್ಕಳಲ್ಲಿ ಸಾಮಾನ್ಯ, ಎರಡೂ ವಿಶ್ರಾಂತಿಯಿಂದ ಗುಣವಾಗುತ್ತವೆ. ಆದರೆ ನೋವು ನುಂಗಿಕೊಂಡು ಓಡು ಎನ್ನುವ ತರಬೇತುದಾರ ಸಿಕ್ಕರೆ ತಿಂಗಳುಗಟ್ಟಲೆ ಕಾಡುತ್ತವೆ.

ಏರು ಮಾತ್ರ ಸಾಕೇ?

ಇಷ್ಟು ಕೇಳಿದವರು, ಹಾಗಿದ್ದರೆ ಮಕ್ಕಳಿಗೆ ಏರುವ ಓಟವಷ್ಟೇ ಇರಲಿ ಎನ್ನಬಹುದು. ಆಲ್ಪ್ಸ್ ಸೀಮೆಯಲ್ಲಿ ಈ ಪದ್ಧತಿ ಬಹುಕಾಲದಿಂದ ಇದೆ. ಕಣಿವೆಯಲ್ಲಿ ಹೊರಟು ಮೇಲಿನ ಹಳ್ಳಿಯಲ್ಲೋ ಕೇಬಲ್ ಕಾರಿನ ನಿಲ್ದಾಣದಲ್ಲೋ ಓಟ ಮುಗಿಯುತ್ತದೆ, ಇಳಿಯಲು ವಾಹನವಿದೆ. 1984ರಲ್ಲಿ ಬೆಟ್ಟದ ಓಟಕ್ಕೊಂದು ಅಂತಾರಾಷ್ಟ್ರೀಯ ಸಮಿತಿ ರಚನೆಯಾಗಿ, ಮರುವರ್ಷ ಇಟಲಿಯ ಸಾನ್ ವಿಜಿಲಿಯೊದಲ್ಲಿ ಮೊದಲ ವಿಶ್ವ ಟ್ರೋಫಿ ನಡೆಯಿತು. ಆ ಮೇಲೆ ಹಲವು ವರ್ಷ ಒಂದು ವರ್ಷ ಏರು ಮಾತ್ರ, ಇನ್ನೊಂದು ವರ್ಷ ಏರಿಳಿತ ಎಂಬ ಸರದಿ ನಡೆಯಿತು. ಈಗಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಓಟಗಳಿವೆ. ಹದಿನೆಂಟರೊಳಗಿನವರಿಗೆ ಪ್ರತ್ಯೇಕ ಅಂತಾರಾಷ್ಟ್ರೀಯ ಕಪ್ ಕೂಡ ಇದೆ.

ಏರು ಮಾತ್ರದ ಓಟ ಎಳೆಯ ಕೀಲುಗಳಿಗೆ ಹಿತ, ಬಿದ್ದು ಪೆಟ್ಟಾಗುವ ಸಂಭವ ಕಡಿಮೆ. ಬೆಟ್ಟದ ಓಟಕ್ಕೆ ಹೊಸದಾಗಿ ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ. ಅದರಲ್ಲೇ ನಿಂತುಬಿಟ್ಟರೆ ಮಾತ್ರ ಮಗು ಅರ್ಧ ಆಟವನ್ನಷ್ಟೇ ಕಲಿತಂತಾಗುತ್ತದೆ. ಇಳಿಯುವುದು ಒಂದು ಕಸುಬು. ಕಣ್ಣು ನಾಲ್ಕು ಹೆಜ್ಜೆ ಮುಂದಿರಬೇಕು, ಹೆಜ್ಜೆ ಚಿಕ್ಕದಾಗಿರಬೇಕು, ಮೈ ಹಿಂದಕ್ಕೆ ವಾಲಬಾರದು, ತೋಳು ಹರಡಿ ತೂಕ ಕಾಯಬೇಕು. ಇದನ್ನು ಹತ್ತು ವರ್ಷಕ್ಕೆ ಹುಲ್ಲಿನ ಮೇಲೆ ಕಲಿತವರು ಇಪ್ಪತ್ತಕ್ಕೆ ಕಲ್ಲಿನ ಮೇಲೆ ಧೈರ್ಯವಾಗಿ ಓಡುತ್ತಾರೆ. ಸ್ನಾಯುಗಳಿಗೂ ಈ ಕಲಿಕೆ ಇದೆ: ಒಮ್ಮೆ ಹದವಾಗಿ ಇಳಿದ ಕಾಲು ಕೆಲವು ವಾರಗಳ ಬಳಿಕ ಮತ್ತೆ ಇಳಿದಾಗ ಕಡಿಮೆ ನೋಯುತ್ತದೆ ಎಂಬುದು ವ್ಯಾಯಾಮ ವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಆದ್ದರಿಂದ ಇಳಿಜಾರು ಇರಲಿ, ಔಷಧಿಯ ಹಾಗೆ ಅಳತೆಯಲ್ಲಿ ಇರಲಿ.

ಈ ಅಳತೆಗೆ ಒಳ್ಳೆಯ ಮಾದರಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಗ್ರಾಸ್‌ಮಿಯರ್. ಅಲ್ಲಿ ಪ್ರತಿ ಆಗಸ್ಟ್ ಕೊನೆಯಲ್ಲಿ ನಡೆಯುವ ಕ್ರೀಡಾಕೂಟದ ಗೈಡ್ಸ್ ರೇಸ್ ಹತ್ತೊಂಬತ್ತನೆಯ ಶತಮಾನದಿಂದ ಬಂದದ್ದು. ಓಟ ಮೈದಾನದ ನಡುವಿನಿಂದ ಹೊರಡುತ್ತದೆ, ಎದುರಿನ ಬಟರ್ ಕ್ರ್ಯಾಗ್ ಎಂಬ ಬಂಡೆಗುಡ್ಡಕ್ಕೆ ಸುಮಾರು 275 ಮೀಟರ್ ಏರುತ್ತದೆ, ಮತ್ತೆ ಮೈದಾನಕ್ಕೇ ಇಳಿಯುತ್ತದೆ. ಫ್ರೆಡ್ ರೀವ್ಸ್ 1978ರಲ್ಲಿ ಇದನ್ನು 12 ನಿಮಿಷ 21.6 ಸೆಕೆಂಡಿನಲ್ಲಿ ಮುಗಿಸಿದ್ದು ಈಗಲೂ ದಂತಕತೆ. ಎಳೆಯರಿಗೆ ವಯಸ್ಸಿನ ಪ್ರಕಾರ ಅದೇ ಗುಡ್ಡದಲ್ಲಿ ಮೊಟಕು ದಾರಿಗಳಿವೆ. ವಯಸ್ಸು ಬೆಳೆದಂತೆ ಗುರಿ ಮೇಲಕ್ಕೆ ಸರಿಯುತ್ತದೆ. ಇದರಲ್ಲಿ ಎರಡು ಗುಣ ಇವೆ. ಮೈದಾನದಲ್ಲಿ ನಿಂತವರಿಗೆ ಓಟದ ಬಹುಪಾಲು ಕಣ್ಣಿಗೇ ಕಾಣುತ್ತದೆ, ಯಾರು ಎಡವಿದರೂ ಗೊತ್ತಾಗುತ್ತದೆ. ಮತ್ತೆ, ಪ್ರತಿ ಮಗುವಿಗೂ ತಾನು ಮುಂದೆ ಹತ್ತಬೇಕಾದ ಬೆಟ್ಟ ಎದುರಿಗೇ ಇರುತ್ತದೆ. ಇವತ್ತಿನ ಪಾಲು ಇಷ್ಟು, ಉಳಿದದ್ದು ಬೆಳೆದ ಮೇಲೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗಿರ್ನಾರಿನ ಮೆಟ್ಟಿಲು

ನಮ್ಮ ದೇಶದಲ್ಲಿ ಎಳೆಯರ ಬೆಟ್ಟದ ಓಟಕ್ಕೆ ದೊಡ್ಡ ಪರಂಪರೆ ಇರುವ ಕಡೆ ಗುಜರಾತಿನ ಜುನಾಗಢ. ಅಲ್ಲಿನ ಗಿರ್ನಾರ್ ಆರೋಹಣ-ಅವರೋಹಣ ಸ್ಪರ್ಧೆ ದಶಕಗಳಿಂದ ಚಳಿಗಾಲದಲ್ಲಿ ನಡೆಯುತ್ತಿದೆ. ತಳದ ಭವನಾಥದಿಂದ ಹುಡುಗರು ಅಂಬಾಜಿ ದೇವಸ್ಥಾನದವರೆಗೆ 5,500 ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಹುಡುಗಿಯರು ಮಾಲಿ ಪರಬ್‌ವರೆಗೆ 2,200 ಮೆಟ್ಟಿಲು. ಮುಂಚೂಣಿಯ ಯುವಕರಿಗೆ ಇಡೀ ಓಟಕ್ಕೆ ಒಂದು ಗಂಟೆ ಸಾಕು. ಹಳ್ಳಿಗಾಡಿನ ಬಡ ಮನೆಗಳ ಹುಡುಗ ಹುಡುಗಿಯರು ಬರಿಯ ಅಭ್ಯಾಸದ ಬಲದಿಂದ ಇಲ್ಲಿ ಹೆಸರು ಮಾಡುತ್ತಾರೆ. ಸರ್ಕಾರವೇ ಮುಂದೆ ನಿಂತು ನಡೆಸುವ ಈ ಸ್ಪರ್ಧೆಯ ಬಗ್ಗೆ ನನಗೆ ಗೌರವವಿದೆ.

ಆ ಗೌರವದಿಂದಲೇ ಎರಡು ಮಾತು ಹೇಳಬೇಕು. 14ರಿಂದ 18ರ ಕಿರಿಯ ವಿಭಾಗದ ಹುಡುಗನೂ 19ರಿಂದ 35ರ ಹಿರಿಯ ವಿಭಾಗದವನೂ ಓಡುವುದು ಅದೇ 5,500 ಮೆಟ್ಟಿಲು. ಹದಿನಾಲ್ಕು ಎಂದರೆ ಹುಡುಗರ ಮೂಳೆ ಅತಿ ವೇಗವಾಗಿ ಬೆಳೆಯುವ ವಯಸ್ಸು. ಇಳಿಯುವಾಗ ಅಷ್ಟೂ ಮೆಟ್ಟಿಲಿನ ಏಟನ್ನು ಕಲ್ಲು ನೇರವಾಗಿ ಮೊಣಕಾಲಿಗೆ ದಾಟಿಸುತ್ತದೆ. ಇನ್ನೊಂದು ಕಡೆ, ಹದಿನೇಳರ ಹುಡುಗಿಗೂ ಮೂವತ್ತರ ಮಹಿಳೆಗೂ ಅರ್ಧಕ್ಕಿಂತ ಕಡಿಮೆ ದಾರಿ. ಅಂತಾರಾಷ್ಟ್ರೀಯ ಬೆಟ್ಟದ ಓಟದಲ್ಲಿ ಈಚಿನ ವರ್ಷಗಳಲ್ಲಿ ಹಿರಿಯ ಮಹಿಳೆಯರಿಗೂ ಪುರುಷರಿಗೂ ಒಂದೇ ದೂರ. ಹುಡುಗ-ಹುಡುಗಿ ಎಂದು ದಾರಿ ಕತ್ತರಿಸುವುದಕ್ಕಿಂತ ವಯಸ್ಸಿನ ಪ್ರಕಾರ ಕತ್ತರಿಸುವುದು ನ್ಯಾಯ. ಕಿರಿಯರ ಸಮಯವನ್ನು ಮೇಲೆ ಮುಟ್ಟಿದಾಗಲೇ ಗುರುತು ಮಾಡಿಕೊಂಡು, ಇಳಿಯುವುದನ್ನು ಪಂದ್ಯದಿಂದ ಹೊರಗಿಟ್ಟರೆ ಗಿರ್ನಾರಿನ ಹಿರಿಮೆಗೆ ಯಾವ ಕುಂದೂ ಬಾರದು.

ಒಂದೇ ತರಗತಿ, ಮೂರು ಮೈ

ವಯಸ್ಸಿನ ಗುಂಪು ಎಂಬುದೂ ನೇರ ಲೆಕ್ಕವಲ್ಲ. ಒಂದೇ ಏಳನೆಯ ತರಗತಿಯಲ್ಲಿ ಮೀಸೆ ಚಿಗುರಿದವನೂ ಇರುತ್ತಾನೆ, ಮೂರನೆಯ ತರಗತಿಯವನಂತೆ ಕಾಣುವವನೂ ಇರುತ್ತಾನೆ. ಬೇಗ ಬೆಳೆದವರು ಬೇಗ ಗೆಲ್ಲುತ್ತಾರೆ, ತಡವಾಗಿ ಬೆಳೆಯುವವರು ತಮ್ಮಿಂದಾಗದು ಎಂದು ಬಿಟ್ಟುಬಿಡುತ್ತಾರೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳು ಆಯ್ಕೆ ತಂಡಗಳಲ್ಲಿ ಹೆಚ್ಚಾಗಿರುವುದನ್ನು ಫುಟ್‌ಬಾಲ್, ಹಾಕಿಯಂಥ ಆಟಗಳಲ್ಲಿ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಇದಕ್ಕೆ ಪೂರ್ಣ ಪರಿಹಾರವಿಲ್ಲ. ಎರಡು ವರ್ಷಕ್ಕೊಂದು ಗುಂಪು ಮಾಡುವುದು, ಹದಿನಾಲ್ಕರ ಕೆಳಗೆ ಜಿಲ್ಲೆ-ರಾಜ್ಯ ಎಂಬ ಆಯ್ಕೆಯ ಜರಡಿ ಹಿಡಿಯದಿರುವುದು, ತಂಡದ ಅಂಕಕ್ಕೂ ರಿಲೇಗೂ ಹೆಚ್ಚು ಬೆಲೆ ಕೊಡುವುದು, ಇಷ್ಟು ನಮ್ಮ ಕೈಯಲ್ಲಿದೆ. ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15-16ರವರೆಗೆ ಮುಂದೂಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಮಾತು ಬೆಟ್ಟದ ಓಟಕ್ಕೂ ಸಲ್ಲುತ್ತದೆ.

ಚಳಿ, ಮಂಜು, ತಲೆ ಎಣಿಕೆ

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಬೆಟ್ಟದ ಓಟದ ನಡುವೆ ಹವೆ ತಿರುಗಿ, ಆಲಿಕಲ್ಲು, ಚಳಿಮಳೆ, ಬಿರುಗಾಳಿಗೆ ಸಿಕ್ಕಿ 21 ಓಟಗಾರರು ಸತ್ತರು. ಹೆಚ್ಚಿನವರು ತೆಳ್ಳನೆಯ ಅಂಗಿ-ಚಡ್ಡಿಯಲ್ಲಿದ್ದರು. ಗಾಳಿ ತಡೆಯುವ ಅಂಗಿ ಕಡ್ಡಾಯವಾಗಿರಲಿಲ್ಲ. ಅವರು ಅನುಭವಸ್ಥ ವಯಸ್ಕರು. ಮಕ್ಕಳ ಮೈ ಇನ್ನೂ ಬೇಗ ತಣಿಯುತ್ತದೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು.

ಬ್ರಿಟನ್ನಿನ ಸಂಘಟಕರು ಹಲವು ಸಾವುಗಳಿಂದ ಕಲಿತ ಪಾಠ ಸರಳವಾದದ್ದು: ಹೊರಟವರ ತಲೆ ಎಣಿಸು, ಬಂದವರ ತಲೆ ಎಣಿಸು, ಎರಡೂ ಹೊಂದುವವರೆಗೆ ಮನೆಗೆ ಹೋಗಬೇಡ. ಅರ್ಧದಲ್ಲಿ ಬಿಟ್ಟವರು ಮುಗಿಯುವ ಜಾಗಕ್ಕೆ ಬಂದು ಹೇಳಲೇಬೇಕು. ಕೊನೆಯ ಮಗುವಿನ ಹಿಂದೆ ಒಬ್ಬ ದೊಡ್ಡವರು ಬರಬೇಕು. ಮಳೆ ಗಾಳಿ ಎದ್ದರೆ ಓಡಿಸಲು ಕೆಳಗಿನ ಇನ್ನೊಂದು ದಾರಿಯನ್ನು ಮೊದಲೇ ಗುರುತು ಮಾಡಿಟ್ಟಿರಬೇಕು. ಎರಡನೆಯ ದಾರಿ ಸಿದ್ಧವಿಲ್ಲದ ಸಂಘಟಕ ಆ ಬೆಳಿಗ್ಗೆ, ಬಂದ ಜನರನ್ನು ನೋಡಿ, ಓಟ ನಿಲ್ಲಿಸಲು ಹಿಂಜರಿಯುತ್ತಾನೆ.

ನಮ್ಮ ಗುಡ್ಡದಲ್ಲಿ

ಕರ್ನಾಟಕದಲ್ಲಿ ಬೆಟ್ಟಕ್ಕೆ ಬರವಿಲ್ಲ. ಮುಳ್ಳಯ್ಯನಗಿರಿಯಿಂದ ಕೊಡಗಿನವರೆಗೆ ಘಟ್ಟದ ಸಾಲಿದೆ, ಬಯಲುಸೀಮೆಯ ತುಂಬ ಒಂಟಿ ಗುಡ್ಡಗಳಿವೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರದ ಮೇಲಿನ ಮೆಟ್ಟಿಲುಗಳನ್ನು ಓಡಿ ಹತ್ತುವವರು ದಿನ ಬೆಳಗಾದರೆ ಸಿಗುತ್ತಾರೆ. ದೊಡ್ಡವರಿಗೆ ಕಾಫಿ ಸೀಮೆಯಲ್ಲಿ ದೂರದ ಓಟಗಳು ಬೆಳೆದಿವೆ. ಶಾಲಾ ಕ್ರೀಡಾಕೂಟ ಮಾತ್ರ ಮೈದಾನ ಬಿಟ್ಟು ಹೊರಬಂದಿಲ್ಲ. ಹೋಲಿಕೆಗೆ ಹೇಳುವುದಾದರೆ, ರಾಷ್ಟ್ರೀಯ ಕ್ರಾಸ್ ಕಂಟ್ರಿಯಲ್ಲಿ 16ರೊಳಗಿನವರಿಗೆ 2 ಕಿ.ಮೀ. ಓಟವಿದೆ. ಆ ದೂರಕ್ಕೆ ಒಂದಿಷ್ಟು ಏರು ಸೇರಿಸಿದರೆ ಮಕ್ಕಳ ಬೆಟ್ಟದ ಓಟ ಸಿದ್ಧ.

ಮಲೆನಾಡಿನ ಒಂದು ಪ್ರೌಢಶಾಲೆ, ಹಿಂದೆ ಹುಲ್ಲಿನ ಬ್ಯಾಣ, ಅದರ ಮೇಲೆ ಗುಡ್ಡ ಎಂದು ಇಟ್ಟುಕೊಳ್ಳೋಣ. 12-13ರ ಮಕ್ಕಳಿಗೆ ಎರಡು ಕಿಲೋಮೀಟರ್, 80 ಮೀಟರ್ ಏರು. ಬ್ರಿಟನ್ನಿನ ಲೆಕ್ಕದಲ್ಲಿ 'ಬಿ' ವರ್ಗದ್ದು. ದೈಹಿಕ ಶಿಕ್ಷಣದ ಮೇಷ್ಟರು ಮೊದಲು ಮೇಲಿಂದ ಕೆಳಗೆ ನಡೆಯಲಿ. ಮಗು ಕಾಲಿನ ಹಿಡಿತ ತಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ತಿರುವಿನಲ್ಲೂ ಕೇಳಿಕೊಳ್ಳಲಿ. ಉತ್ತರ ಹುಲ್ಲು ಎಂದಾದರೆ ಸರಿ. ಧರೆ, ಅಗಳ, ಮುಳ್ಳುತಂತಿ ಎಂದಾದರೆ ದಾರಿ ಬದಲಿಸಲಿ. ಟಾರು ರಸ್ತೆಯ ಇಳಿಜಾರು ಸಲೀಸಾಗಿ ಕಾಣುತ್ತದೆ, ಆದರೆ ಅಲ್ಲೇ ವೇಗವೂ ಹೆಚ್ಚು, ಏಟೂ ಹೆಚ್ಚು. ಒರಟು ಹುಲ್ಲಿನ ಅಂಕುಡೊಂಕು ದಾರಿ ತಾನೇ ವೇಗ ತಗ್ಗಿಸುತ್ತದೆ. ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ದಾರಿ ಬೇಡ.

ಇಳಿಜಾರು ಗೊತ್ತಾದ ಮೇಲೆ ಏರು. ಅದು ಬೇರೆ ದಾರಿಯಲ್ಲಿರಲಿ, ಹತ್ತುವವರೂ ಇಳಿಯುವವರೂ ಎದುರುಬದುರಾಗಬಾರದು. ಹೊರಡುವಾಗ ಮುನ್ನೂರು ಮೀಟರಾದರೂ ಅಗಲವಾದ ಜಾಗ ಬೇಕು. ಅರವತ್ತು ಮಕ್ಕಳು ಒಟ್ಟಿಗೆ ಒಂದು ಉಣುಗೋಲಿಗೆ ನುಗ್ಗಿದರೆ ಮೊದಲ ಗಾಯ ಅಲ್ಲೇ. ಕೊನೆಯ ಇನ್ನೂರು ಮೀಟರ್ ಸಮತಟ್ಟಾಗಿರಲಿ, ಗೆಲ್ಲುವ ಆತುರ ಇಳಿಜಾರಿನಲ್ಲಿ ಬೇಡ. ಮುಂದಿನವರು ಹತ್ತು-ಹನ್ನೆರಡು ನಿಮಿಷದಲ್ಲಿ, ಕೊನೆಯವರು ಅರ್ಧ ಗಂಟೆಯೊಳಗೆ ಬಂದುಬಿಡುವಂತಿದ್ದರೆ ಅಳತೆ ಸರಿಯಿದೆ. ಓಟಕ್ಕೆ ಎರಡು ವಾರ ಮೊದಲು ಎಲ್ಲ ಮಕ್ಕಳೂ ಆ ಇಳಿಜಾರನ್ನು ಒಮ್ಮೆ ನಿಧಾನವಾಗಿ ಇಳಿದಿರಲಿ. ಮಳೆಗಾಲ ಕಳೆದ ನವೆಂಬರ್-ಡಿಸೆಂಬರ್ ಒಳ್ಳೆಯ ಕಾಲ: ಜಾರು ಇರದು, ಇಂಬಳ ಇರದು, ಕಾಡಿನ ಬೆಂಕಿಯ ದಿನಗಳು ಇನ್ನೂ ದೂರ. ಬಯಲುಸೀಮೆಯಲ್ಲಿ ಬಿಸಿಲು ಏರುವ ಮೊದಲು ಓಟ ಮುಗಿಯಬೇಕು. ಅರಣ್ಯದ ಗಡಿಯಿದ್ದರೆ ಇಲಾಖೆಯ ಒಪ್ಪಿಗೆ ಬೇಕು. ಆನೆ ಓಡಾಡುವ ಕಡೆ ಒಪ್ಪಿಗೆ ಸಿಕ್ಕರೂ ಬೇಡ.

ಇದಕ್ಕೆಲ್ಲ ಬೇಕಾಗುವ ಖರ್ಚು ಒಂದಿಷ್ಟು ಸುಣ್ಣದ ಪುಡಿ, ಬಣ್ಣದ ಪಟ್ಟಿ, ಎದೆಗೆ ಕಟ್ಟುವ ನಂಬರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಟ್ರ್ಯಾಕ್ ಇಲ್ಲ, ಮೈದಾನ ಚಿಕ್ಕದು ಎಂದು ಕೊರಗುವ ಗುಡ್ಡಗಾಡಿನ ಶಾಲೆಗಳಿಗೆ ಗುಡ್ಡವೇ ಮೈದಾನವಾಗಬಲ್ಲದು. ಹತ್ತು ಶಾಲೆಗಳು ಸೇರಿ ತಾಲ್ಲೂಕಿಗೊಂದು ಸರಣಿ ಕಟ್ಟಿದರೆ, ಪ್ರತಿ ಶಾಲೆಯ ಗುಡ್ಡಕ್ಕೂ ಒಂದು ಓಟದಂತೆ, ಮಕ್ಕಳು ತಮ್ಮ ಸೀಮೆಯನ್ನು ಕಾಲಿನಿಂದ ಅರಿಯುತ್ತಾರೆ.

ಅಂಥ ಓಟ ಚೆನ್ನಾಗಿ ನಡೆಯಿತೇ ಇಲ್ಲವೇ ಎಂದು ತಿಳಿಯಲು ಗೆದ್ದವರ ಸಮಯ ನೋಡಬೇಕಾಗಿಲ್ಲ. ಮೂರು ದಿನ ಬಿಟ್ಟು ಎಷ್ಟು ಮಕ್ಕಳು ಕುಂಟುತ್ತಿದ್ದಾರೆ, ಮರುವರ್ಷ ಹಿಂದಿನ ಸಾಲಿನವರಲ್ಲಿ ಎಷ್ಟು ಮಂದಿ ಮತ್ತೆ ಹೆಸರು ಕೊಟ್ಟರು, ಹದಿನೆಂಟಾದ ಮೇಲೂ ಎಷ್ಟು ಮಂದಿ ಓಡುತ್ತಿದ್ದಾರೆ ಎಂದು ಶಾಲೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೊದಲ ಅಂಕಿ ಇಳಿಯುತ್ತ, ಉಳಿದೆರಡು ಏರುತ್ತ ಹೋದರೆ ಆ ಮೇಷ್ಟರು ಒಳ್ಳೆಯ ದಾರಿಯನ್ನೇ ಗುರುತಿಸಿದ್ದಾರೆ. ಇಲ್ಲವಾದರೆ ಮುಂದಿನ ವರ್ಷದ ಓಟಕ್ಕೆ ಮೊದಲು ಅವರು ಮತ್ತೆ ಮೇಲಿಂದ ಕೆಳಗೆ ನಡೆದು ನೋಡಬೇಕು.